ಪಾದ ನೋಡುವ ಅತ್ತೆ

ನಮ್ಮ ಅತ್ತೆ ಎಳೆಗೂಸುಗಳ ಮುಖ ನೋಡುತ್ತಿರಲಿಲ್ಲ. ಪಾದ ನೋಡುತ್ತಿದ್ದರು. ಯಾರ ಮನೆಯ ಬಾಣಂತಿಯನ್ನು ಮಾತಾಡಿಸಲು ಹೋದರೂ ಕೋಣೆಯ ಬಾಗಿಲಲ್ಲೇ ನಿಂತು, ಸೆರಗು ಹೊದ್ದು, ಕಣ್ಣು ಕೆಳಗೆ ಹಾಕಿ, ದುಪಟಿಯಿಂದ ಹೊರಗೆ ಕಾಣುವ ಎರಡು ಪಾದಗಳನ್ನಷ್ಟೇ ನೋಡಿ, ಸಣಕಲು ಐತಿ, ಕಪ್ಪಗೈತಿ ಅಂತ ಏನಾದರೊಂದು ಕುಂದು ಹೇಳಿ ಹೊರಗೆ ಬರುತ್ತಿದ್ದರು. ಗೊತ್ತಿಲ್ಲದವರು ಈ ಹೆಂಗಸಿಗೆ ಎಷ್ಟು ಸೊಕ್ಕು ಅಂದುಕೊಳ್ಳುತ್ತಿದ್ದರು. ಗೊತ್ತಿದ್ದವರು ಸದ್ಯ, ಮುಖ ನೋಡಲಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವರು ನನ್ನಪ್ಪನ ಅಕ್ಕ. ಕಂಪ್ಲಿ ಹತ್ತಿರದ ಎಮ್ಮಿಗನೂರಿಗೆ, ಭತ್ತ ಕಬ್ಬು ಬೆಳೆಯುವ ಮನೆಗೆ ಸೊಸೆಯಾಗಿ ಹೋದವರು. ಅವರ ಕಣ್ಣು ಕೆಟ್ಟದ್ದು ಎಂಬ ಮಾತು ಹುಟ್ಟಿದ್ದು ನನ್ನಿಂದ. ನಾನು ಹುಟ್ಟಿದ ದಿನವೇ ಅದೂ ಹುಟ್ಟಿತು.

ಆ ದಿನದ ಕಥೆಯನ್ನು ಅವ್ವ ಹೇಳುವಾಗ ಕೇಳಬೇಕು. ಕಂಪ್ಲಿಯ ಅವಳ ತವರುಮನೆಯಲ್ಲಿ ನಾನು ಹುಟ್ಟಿದೆ. ಎರಡನೆಯ ಬಾಣಂತನ, ಮೊದಲನೆಯವನು ನನ್ನಣ್ಣ. ಅವನು ಕಡ್ಡಿಯಂತೆ ಹುಟ್ಟಿದ್ದನಂತೆ, ನಾನು ಮಾತ್ರ ಕುತ್ತಿಗೆಯೇ ಕಾಣದಷ್ಟು ದಪ್ಪ. ಅಣ್ಣನಿಗೆ ಹಲ್ಲು ಬರುವಾಗ ಹಾಕುತ್ತಿದ್ದ ಅಂಗಿ ನನಗೆ ಹುಟ್ಟಿದ ದಿನವೇ ಬಿಗಿಯಾಯಿತಂತೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ತನ್ನ ಆಯುಷ್ಯದಲ್ಲಿ ಇಂಥ ಕೂಸು ಕಂಡಿಲ್ಲ ಎಂದು ಬೀದಿಯಲ್ಲೆಲ್ಲ ಹೇಳಿದ್ದೇ ತಡ, ಜನ ನೋಡಲು ಬಂದರು. ಅವ್ವ ಹೆತ್ತ ನೋವೆಲ್ಲ ಮರೆತು ಗೋಡೆಗೆ ಒರಗಿ ಕೂತು ಹೊಗಳಿಕೆ ಕೇಳಿದಳು. ಅವಳ ಜೀವನದಲ್ಲಿ ಅಷ್ಟು ಜನ ಅವಳನ್ನು ಹೊಗಳಿದ್ದು ಅದೊಂದೇ ದಿನ.

ಮಧ್ಯಾಹ್ನ ಎಮ್ಮಿಗನೂರಿನಿಂದ ಅತ್ತೆ ಬಂದರು. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು, ಆನೆಮರಿ ಹಂಗ ಐತಲ್ಲ, ಎಷ್ಟು ಚೆಂದ ಐತಿ ಎಂದು ಗಲ್ಲ ಹಿಡಿದು ಮುದ್ದು ಮಾಡಿದರು. ಅವರು ಕೈ ತೊಳೆಯಲು ಹಿತ್ತಿಲಿಗೆ ಹೋಗಿದ್ದಾರೆ, ಇತ್ತ ನನ್ನ ಕೈಕಾಲು ನಡುಗಲು ಶುರುವಾಗಿದೆ. ಮೊಲೆ ಕೊಟ್ಟರೆ ಚೀಪಲಿಲ್ಲ. ತುಟಿ ನೀಲಿಗಟ್ಟಿತು, ಮೈ ಹಸಿ ಬಟ್ಟೆಯಂತೆ ಜೋತುಬಿತ್ತು. ಮನೆಯೆಲ್ಲ ಗೋಳಾಟ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಖರೆ ಎಂದು ಲೆಕ್ಕ. ಬಾಯಾಡಿಸಲೆಂದು ಅಜ್ಜಿ ಬೆಲ್ಲದ ನೀರಲ್ಲಿ ಬೆರಳದ್ದಿ ಅದ್ದಿ ನನ್ನ ಬಾಯಿಗಿಟ್ಟಳಂತೆ. ಸ್ವಲ್ಪ ಹೊತ್ತಿಗೆ ನಾನು ಬೆರಳು ಚೀಪಿದೆ, ಆಮೇಲೆ ಅಳತೊಡಗಿದೆ, ಆಮೇಲೆ ಮೊಲೆ ಹಿಡಿದೆ. ಯಶಸ್ಸೆಲ್ಲ ಮೆಣಸಿನಕಾಯಿಗೆ ಹೋಯಿತು. ಅಪವಾದ ಎಮ್ಮಿಗನೂರಿನ ಅತ್ತೆಯ ತಲೆಗೆ ಬಂತು.

ಯಾರೂ ಅವರ ಮುಖಕ್ಕೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇಂಥ ಮಾತಿಗೆ ಬಸ್ಸು ಬೇಕಾಗಿಲ್ಲ. ಅವರಿಗಿಂತ ಮೊದಲೇ ಅದು ಎಮ್ಮಿಗನೂರು ಮುಟ್ಟಿತ್ತು. ಬರಬರುತ್ತ ಅವರ ಸ್ವಂತ ಸೊಸೆಯೇ ಮೊಮ್ಮಕ್ಕಳ ಹಣೆಗೆ, ಗಲ್ಲಕ್ಕೆ ಕಾಡಿಗೆ ಬೊಟ್ಟಿಟ್ಟ ಮೇಲೆಯೇ ಅವರ ಕೈಗೆ ಕೊಡತೊಡಗಿದಳು. ಅದಕ್ಕಿಂತ ಕೆಟ್ಟದ್ದೆಂದರೆ ಅತ್ತೆಯೂ ಅದನ್ನು ನಂಬಿದರು. ತಮ್ಮ ಕಣ್ಣನ್ನು ತಾವೇ ಹಗ್ಗ ಹಾಕಿ ಕಟ್ಟಿಕೊಂಡರು. ನಾನೆಂದರೆ ಅವರಿಗೆ ಪ್ರಾಣ. ಸಂಕ್ರಾಂತಿಗೆ ಕಬ್ಬಿನ ಜಲ್ಲೆ, ಶಾಲೆಗೆ ರಜೆ ಬಿಟ್ಟರೆ ಕರೆಯಲು ಆಳು, ಎಲ್ಲವೂ ಬರುತ್ತಿತ್ತು. ಆದರೆ ಒಂದು ದಿನವೂ ನನ್ನನ್ನು ನೇರ ನೋಡಿ ಚೆಂದ ಕಾಣ್ತಿ ಅನ್ನಲಿಲ್ಲ. ನನ್ನ ಮದುವೆಯಲ್ಲಿ ಕೂಡ ನನ್ನ ಕಾಲುಂಗುರವನ್ನೇ ಹೊಗಳಿ ಹೋದರು.

ನಾನಂತೂ ಆ ಗಾತ್ರವನ್ನು ಬಿಡದೆ ಬೆಳೆದೆ. ಅಪ್ಪ ಕಾಲುವೆ ಕಚೇರಿಯಲ್ಲಿದ್ದರು, ನಾವು ಹೊಸಪೇಟೆ ಬಳಿಯ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಬೆಳೆದವರು. ಒಂದೇ ತಟ್ಟೆಯಲ್ಲಿ ಉಂಡರೂ ಅಣ್ಣನಿಗೆ ಪಕ್ಕೆಲುಬು ಕಾಣುತ್ತಿತ್ತು, ನನಗೆ ಪ್ರತಿ ಜೂನಿನಲ್ಲಿ ಸಮವಸ್ತ್ರದ ಹೊಲಿಗೆ ಬಿಚ್ಚಿಸಬೇಕಾಗುತ್ತಿತ್ತು. ಅವನು ಎರಡರಷ್ಟು ತಿಂದು ಎದ್ದು ಹೋಗುತ್ತಿದ್ದ, ಕ್ವಾರ್ಟರ್ಸಿನ ಹೆಂಗಸರು ನನ್ನ ತಟ್ಟೆ ನೋಡಿ ನಗುತ್ತಿದ್ದರು. ಈ ಅನ್ಯಾಯಕ್ಕೆ ನಾನು ದೇವರನ್ನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವನ ಕಾಲಿನ ಗಾಯ ತಿಂಗಳಾದರೂ ಮಾಯದೆ ಪರೀಕ್ಷೆ ಮಾಡಿಸಿದಾಗ ಅವಳಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಎಷ್ಟು ವರ್ಷದಿಂದ ಇತ್ತೋ ಗೊತ್ತಿಲ್ಲ ಎಂದರು ಡಾಕ್ಟರು. ಆ ಮಾತು ಆಗ ನಮ್ಮ ಕಿವಿಗೆ ಬೀಳಲೇ ಇಲ್ಲ.

ನನ್ನ ಮದುವೆಯಾದ ಕಾಲಕ್ಕೆ ಹೊಸಪೇಟೆಗೆ ಗಣಿಯ ಹುಚ್ಚು ಹಿಡಿದಿತ್ತು. ಹಗಲು ರಾತ್ರಿ ಅದಿರಿನ ಲಾರಿಗಳು, ಮರದ ಎಲೆಯಿಂದ ಒಣಹಾಕಿದ ಹಪ್ಪಳದವರೆಗೆ ಎಲ್ಲದಕ್ಕೂ ಕೆಂಪು ಧೂಳು. ನಮ್ಮ ಮನೆಯವರು ಸಂಡೂರಿನ ಗಣಿಯೊಂದರಲ್ಲಿ ಲಾರಿ ತೂಕ ಮಾಡುವ ಕಡೆ ಕೆಲಸಕ್ಕಿದ್ದರು. ಅವರ ಅಂಗಿ ಎಷ್ಟು ಒಗೆದರೂ ಬಕೆಟ್ಟಿನ ನೀರು ಕೆಂಪಗೇ ಇರುತ್ತಿತ್ತು. ಊರಲ್ಲಿ ಯಾರಿಗೆ ಹೊಸ ಟಿಪ್ಪರ್ ಬಂದರೂ ನಮ್ಮ ಮನೆಗೆ ಸ್ವೀಟ್ ಬಾಕ್ಸ್ ಬರುತ್ತಿತ್ತು, ದೀಪಾವಳಿಯಲ್ಲಂತೂ ಇಡಲು ಜಾಗವಿರುತ್ತಿರಲಿಲ್ಲ. ನಾನು ಬಸುರಿಯಾದಾಗ ಇವರು ನನ್ನನ್ನು ಓವರ್‌ಲೋಡ್ ಎಂದು ಕರೆಯತೊಡಗಿದರು. ಚೆಕ್‌ಪೋಸ್ಟಿನಲ್ಲಿ ಹಿಡೀತಾರೆ, ಹುಷಾರು ಅನ್ನುತ್ತಿದ್ದರು. ನಾನು ಬಾಯಿಗೆ ಬಂದಂತೆ ಬೈದು ಇನ್ನೊಂದು ಪೇಡಾ ತಿನ್ನುತ್ತಿದ್ದೆ.

ಸುದ್ದಿ ತಿಳಿದು ಅತ್ತೆ ಬಂದರು. ಮಡಿಲಿಗೆ ಹಣ್ಣು ಹಾಕಿ, ನನ್ನ ಕಾಲನ್ನೇ ನೋಡುತ್ತ ಕೂತರು. ಹೊರಡುವಾಗ ಹೊಸ್ತಿಲ ಬಳಿ ನಿಂತು, “ನಿನ್ನ ಕೂಸಿನ ಮಾರಿ ನೋಡ್ಬೇಕಂತ ಭಾಳ ಆಸಿ ಐತವ್ವ. ಆದ್ರ ನಾ ಬರಂಗಿಲ್ಲ. ನಿನಗಾದದ್ದು ಅದಕ್ಕ ಆಗೋದು ಬ್ಯಾಡ” ಎಂದರು. ಆವತ್ತು ನಮ್ಮ ಮನೆಗೆ ಬಂದು ಒಳಗಿದ್ದ ಅವ್ವನಿಗೆ ಕೇಳಿಸಿತು. ಬನ್ನಿ ಅಂತ ಅವಳು ಅನ್ನಲಿಲ್ಲ.

ಬಸಿರಿಗೆ ಐದು ತಿಂಗಳು ತುಂಬಿದ ಮೇಲೆ ಹೊಸಪೇಟೆಯ ಲೇಡಿ ಡಾಕ್ಟರು ನನಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆಸಿದರು. ಶುಗರ್ ಬಂತು. ಮನೆಯಲ್ಲಿ ಯಾರಿಗಿದೆ ಎಂದು ಕೇಳಿದರು, ಪಕ್ಕದಲ್ಲಿದ್ದ ಅವ್ವ ನನಗೈತ್ರಿ ಎಂದಳು. ಇವಳು ಹುಟ್ಟುವಾಗ ಎಷ್ಟು ತೂಕವಿದ್ದಳು ಎಂದು ಕೇಳಿದ್ದೇ ಸಾಕಾಯಿತು. ತೂಕ ಯಾರು ಮಾಡಿದ್ದರು? ಅವ್ವ ಕಥೆಯನ್ನೇ ಶುರು ಮಾಡಿದಳು. ಸೂಲಗಿತ್ತಿ, ಅಣ್ಣನ ಅಂಗಿ, ಜನಜಾತ್ರೆ, ಅತ್ತೆಯ ಕಣ್ಣು, ನಡುಕ, ಮೆಣಸಿನಕಾಯಿ ಒಂದನ್ನೂ ಬಿಡಲಿಲ್ಲ. ಹೊರಗೆ ಬಸುರಿಯರು ಸಾಲಾಗಿ ಕೂತಿದ್ದರೂ ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ, ಬೆಲ್ಲದ ನೀರು ಕೊಟ್ಟ ಮೇಲೆ ಕೂಸು ಎಚ್ಚರವಾಯಿತೋ, ಅದಕ್ಕಿಂತ ಮುಂಚೆಯೋ ಎಂದು ಕೇಳಿದರು. ಅವ್ವ ಯೋಚಿಸಿ, ಕೊಟ್ಟ ಮ್ಯಾಲೆ ಎಂದಳು.

ಆಗ ಡಾಕ್ಟರು ನಿಧಾನಕ್ಕೆ ತಿಳಿಸಿ ಹೇಳಿದರು. ಅಂದು ಯಾರೂ ರಕ್ತ ಪರೀಕ್ಷೆ ಮಾಡಿಲ್ಲವಾದ್ದರಿಂದ ಹೀಗೇ ಎಂದು ಆಣೆ ಮಾಡಿ ಹೇಳಲಾಗದು, ಆದರೆ ಕೇಳಿದರೆ ಎಲ್ಲ ಹೊಂದುತ್ತದೆ. ಇವಳನ್ನು ಹೊತ್ತಾಗಲೇ ನಿಮಗೆ ಶುಗರ್ ಇದ್ದಿರಬೇಕು. ತಾಯಿಯ ರಕ್ತದ ಸಕ್ಕರೆ ಹೊಕ್ಕುಳಬಳ್ಳಿಯ ದಾರಿಯಲ್ಲಿ ಕೂಸಿಗೆ ಹೋಗುತ್ತದೆ, ಕೂಸು ಅದನ್ನು ಅರಗಿಸಲು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಅದರಿಂದ ದಪ್ಪವಾಗುತ್ತದೆ. ಬಳ್ಳಿ ಕತ್ತರಿಸಿದೊಡನೆ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ನಿಲ್ಲುವುದಿಲ್ಲ. ಕೂಸಿನ ಸಕ್ಕರೆ ಇಳಿದು ಮೈ ನಡುಗುತ್ತದೆ, ಜೀವಕ್ಕೂ ಅಪಾಯ. ಅಲ್ಲಿಗೇ ಮುಗಿಯುವುದಿಲ್ಲ. ಅಂಥ ಗರ್ಭದಲ್ಲಿ ಬೆಳೆದ ಮಕ್ಕಳಿಗೆ ದೊಡ್ಡವರಾದಂತೆ ಬೊಜ್ಜು, ಸಕ್ಕರೆ ಬರುವ ಸಂಭವ ಹೆಚ್ಚು. ಹೆಣ್ಣಾದರೆ ತನ್ನ ಬಸಿರಿನಲ್ಲಿ ಬರಬಹುದು, ಅಲ್ಲಿಂದ ಅವಳ ಕೂಸಿಗೆ. ಹಾಗಂತ ಇದು ಹಣೆಬರಹವಲ್ಲ. ಈಗ ಇವಳ ಸಕ್ಕರೆ ಹತೋಟಿಯಲ್ಲಿಟ್ಟರೆ, ಹುಟ್ಟಿದ ಮೇಲೆ ಎದೆಹಾಲು ಕುಡಿಸಿದರೆ, ಮಗು ಓಡಾಡಿಕೊಂಡು ಬೆಳೆದರೆ ಆ ಹೊರೆ ಎಷ್ಟೋ ಕಡಿಮೆಯಾಗುತ್ತದೆ ಎಂದರು.

ಅಣ್ಣನ ಪಕ್ಕೆಲುಬಿನ ಗುಟ್ಟು ನನಗೆ ಆ ಕುರ್ಚಿಯಲ್ಲಿ ಹೊಳೆಯಿತು. ಅವನನ್ನು ಹೊತ್ತಾಗ ಅವ್ವನಿಗೆ ಸಕ್ಕರೆ ಇದ್ದಿರಲಿಕ್ಕಿಲ್ಲ. ಇಷ್ಟು ವರ್ಷ ಹೊಟ್ಟೆಬಾಕಿ ಅನ್ನಿಸಿಕೊಂಡವಳಿಗೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ತಿರುಗಿ ನೋಡಿದರೆ ಅವ್ವನ ಮುಖದಲ್ಲಿ ರಕ್ತವಿರಲಿಲ್ಲ.

ನಿನ್ನ ತಪ್ಪಲ್ಲ ಎಂದು ಅಪ್ಪ ಮನೆಯಲ್ಲಿ ಅವಳಿಗೆ ಕಾಲುವೆಯ ಭಾಷೆಯಲ್ಲಿ ಹೇಳಿ ನೋಡಿದರು. ಮೇಲಿನ ಗೇಟಿನಿಂದ ದಿನವೂ ನೀರು ಹೆಚ್ಚು ಬಂದರೆ ಕೊನೆಯ ಹೊಲದವನು ಹೆಚ್ಚಿನ ನೀರು ಹೊರಹಾಕುವ ಬಸಿಗಾಲುವೆ ಅಗಲ ಮಾಡಿಕೊಳ್ಳುತ್ತಾನೆ, ಗೇಟು ಒಮ್ಮೆಲೇ ಮುಚ್ಚಿದರೆ ಅದೇ ಬಸಿಗಾಲುವೆಯಿಂದ ಅವನ ಹೊಲ ಒಣಗುತ್ತದೆ, ಇದರಲ್ಲಿ ಕಾಲುವೆಯ ತಪ್ಪೇನಿದೆ, ಎಷ್ಟು ನೀರು ಹೋಗುತ್ತಿದೆ ಎಂದು ಅದಕ್ಕೆ ಗೊತ್ತಿರುತ್ತದೆಯೇ ಎಂದರು. ಕಚೇರಿಯಲ್ಲಿ ರೈತರನ್ನು ಸಮಾಧಾನ ಮಾಡಿ ಅಭ್ಯಾಸವಾದ ದನಿ. ಅವ್ವ ಅಕ್ಕಿ ಆರಿಸುತ್ತಲೇ ಕೇಳಿದಳು: “ಹಂಗಾದ್ರ ನಿಮ್ಮ ಅಕ್ಕನ ತಪ್ಪೇನಿತ್ತು?”

ಮರುದಿನದಿಂದ ಅವ್ವ ನನ್ನನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಅನ್ನ ಹೋಗಿ ಜೋಳದ ರೊಟ್ಟಿ ಬಂತು, ಪುಂಡಿಪಲ್ಯ, ಹೆಸರುಕಾಳು, ಮಜ್ಜಿಗೆ. ಸ್ವೀಟ್ ಬಾಕ್ಸ್ ತಂದವರು ಗೇಟಿನಿಂದಲೇ ವಾಪಸಾಗುತ್ತಿದ್ದರು. ಉಂಡ ತಕ್ಷಣ ನಡೆಯಬೇಕು. ಪೇಟೆಯ ರಸ್ತೆಯಲ್ಲಿ ಲಾರಿ ಧೂಳು, ಆದ್ದರಿಂದ ನನ್ನನ್ನು ಡ್ಯಾಂ ಕ್ವಾರ್ಟರ್ಸಿಗೇ ಕರೆಸಿಕೊಂಡು ಕಾಲುವೆ ಪಕ್ಕದ ದಾರಿಯಲ್ಲಿ ಹಿಂದೆಮುಂದೆ ಓಡಾಡಿಸುತ್ತಿದ್ದಳು. ತಾನೂ ಮಾತ್ರೆ ತಪ್ಪಿಸದೆ ನುಂಗಿ ನನ್ನ ಜೊತೆಗೇ ನಡೆಯುತ್ತಿದ್ದಳು. ಅವಳ ಪ್ರೀತಿ ಅಷ್ಟು ಕಟ್ಟುನಿಟ್ಟಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕಾಲು ನೋಯುತ್ತದೆ ಎಂದರೆ, ಹೊಟ್ಟ್ಯಾಗಿನ ಕೂಸು ಎತ್ತಿಕೊಂಡು ನಿನ್ನ ಬದಲಿ ನಾ ನಡೀಲೇನು ಎಂದು ಗದರುತ್ತಿದ್ದಳು.

ಆದರೆ ಎಮ್ಮಿಗನೂರಿಗೆ ಹೋಗಿ ಅತ್ತೆಗೆ ವಿಷಯ ಹೇಳು ಎಂದಾಗ ಮಾತ್ರ, ಹೇಳ್ತೀನಿ ತಡಿ ಎಂದು ಮಾತು ಮರೆಸುತ್ತಿದ್ದಳು. ಮೊದಮೊದಲು ಮರೆಗುಳಿತನ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಅದು ಕಣ್ಣಿನ ದೃಷ್ಟಿ ಆಗಿರುವತನಕ ಅವ್ವ ನಿರಪರಾಧಿ. ಅತ್ತೆಯ ತಲೆಯಿಂದ ಇಳಿಸಿದರೆ ಆ ಹೊರೆ ಅವಳದೇ ತಲೆಗೆ ಬರುತ್ತದೆ, ಜೊತೆಗೆ ಆಕೆಯ ಬಾಳಿನ ಒಂದೇ ಒಂದು ಹೆಮ್ಮೆಯ ಕಥೆಯೂ ಕಾಯಿಲೆಯ ಕಥೆಯಾಗುತ್ತದೆ. ನನಗೆ ಸಿಟ್ಟು ಬಂತು. ಸಿಟ್ಟಿನ ನಡುವೆಯೇ ಅವಳ ಮೇಲೆ ಕನಿಕರವೂ ಬಂತು. ನಾನೇ ಹೋಗಿ ಹೇಳಬಹುದಿತ್ತು, ಆದರೆ ಇದು ಅವ್ವನ ಬಾಯಿಂದಲೇ ಬರಬೇಕಾದ ಮಾತು ಎನಿಸಿ ಸುಮ್ಮನಾದೆ.

ಏಳನೇ ತಿಂಗಳಿಗೆ ಕುಬಸ ಮಾಡಿದರು. ನಮ್ಮ ಕಡೆ ಬಸುರಿಗೆ ಕುಬಸ, ಅಂದರೆ ಹೊಸ ರವಿಕೆ ತೊಡಿಸಿ, ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆ ದಂಡೆಗೆ ಕರೆದೊಯ್ದು ಉಣ್ಣಿಸುವ ರೂಢಿ. ನಮ್ಮ ಬುತ್ತಿ ಹಂಪಿಗೆ ಹೋಯಿತು. ವಿರೂಪಾಕ್ಷನಿಗೆ ಕೈಮುಗಿದು ಹೊಳೆ ಕಡೆಯ ಕಲ್ಲುಮಂಟಪವೊಂದರಲ್ಲಿ ಬುತ್ತಿ ಬಿಚ್ಚಿದರು. ಹೋಳಿಗೆ, ಮಾದ್ಲಿ, ಕರಿಗಡಬು, ಒಂದರ ಮೇಲೊಂದು. ಬಯಕೆ ಊಟ ಬೇಡ ಎನ್ನುವುದು ಅಪಶಕುನ. ಅವ್ವ ಒಂದು ಉಪಾಯ ಮಾಡಿದ್ದಳು. ಪ್ರತಿ ಸಿಹಿಯನ್ನೂ ನನ್ನ ತುಟಿಗೆ ಮುಟ್ಟಿಸಿ ಪಕ್ಕದ ಎಲೆಗೆ ಹಾಕುವುದು, ಆ ಎಲೆಯನ್ನು ಮಂಗಗಳಿಗೆ ಇಡುವುದು. ಹಂಪಿಯ ಮಂಗಗಳಿಗೆ ಅಂಥ ಸೀಮಂತ ಮತ್ತೆ ಸಿಕ್ಕಿರಲಿಕ್ಕಿಲ್ಲ. ನಾನು ರೊಟ್ಟಿ ಬದನೆಕಾಯಿ ಉಂಡು, ಅವು ಹೋಳಿಗೆ ತಿನ್ನುವುದನ್ನು ಕಣ್ತುಂಬ ನೋಡಿದೆ.

ಅತ್ತೆ ಆ ದಿನ ಬಂದಿದ್ದರು. ಕಂಬದ ಆಚೆ ಬದಿಗೆ, ನಮಗೆ ಬೆನ್ನು ಮಾಡಿ, ಪರದೇಶದ ಪ್ರವಾಸಿಗರನ್ನು ನೋಡುವ ನೆಪದಲ್ಲಿ ಕೂತಿದ್ದರು. ನಾನು ಎದ್ದು ಹೋಗಿ ಅವರ ಕೈ ಹಿಡಿದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಕೂಸು ಒದೆಯಿತು. ಅವರ ಮುಖ ಅರಳಿದ್ದು ಒಂದು ಗಳಿಗೆ, ಮರುಗಳಿಗೆಗೆ ಬೆಂಕಿ ತಾಗಿದಂತೆ ಕೈ ಎಳೆದುಕೊಂಡು ಅವ್ವನ ಕಡೆ ನೋಡಿದರು. ಅವ್ವ ಬುತ್ತಿ ಗಂಟು ಕಟ್ಟುತ್ತಿದ್ದಳು, ಎಷ್ಟು ಕಟ್ಟಿದರೂ ಗಂಟು ಬೀಳಲಿಲ್ಲ.

ಮಗಳು ಹುಟ್ಟಿದಳು. ದಪ್ಪವೂ ಅಲ್ಲ, ಸಣಕಲೂ ಅಲ್ಲ, ಎಲ್ಲರ ಮನೆಯ ಕೂಸುಗಳ ಹಾಗೆ. ಹುಟ್ಟಿದ ಕೂಡಲೇ ಎದೆಗೆ ಹಾಕಿದರು. ನರ್ಸು ಬಂದು ಬಂದು ಹಿಮ್ಮಡಿಗೆ ಸೂಜಿ ಚುಚ್ಚಿ ಒಂದೊಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಿದ್ದಳು. ಪ್ರತಿ ಸಲವೂ ಅವ್ವ ಕಿಟಕಿ ಕಡೆ ತಿರುಗಿ ನಿಲ್ಲುತ್ತಿದ್ದಳು, ಸರಿ ಐತಿ ಎಂದ ಮೇಲೆಯೇ ಈ ಕಡೆ ತಿರುಗುತ್ತಿದ್ದಳು. ನನ್ನ ಸಕ್ಕರೆ ಹೆರಿಗೆಯ ನಂತರ ಇಳಿಯಿತು. ಡಾಕ್ಟರು ಎಚ್ಚರಿಸಿದ್ದಂತೆ ಕೆಲವು ವರ್ಷಕ್ಕೆ ಮತ್ತೆ ಬಂದು ಖಾಯಂ ಆಯಿತು, ಈಗ ನಾನೂ ಅವ್ವನೂ ಒಂದೇ ಅಂಗಡಿಯ ಮಾತ್ರೆ ತರುತ್ತೇವೆ. ಮಗಳನ್ನು ಕೂರಗೊಡದೆ ಓಡಿಸಿ ಬೆಳೆಸಿದ್ದೇವೆ. ಅವಳ ಪಾಲಿಗೆ ಏನು ಬರುತ್ತದೋ ಇನ್ನೂ ಗೊತ್ತಿಲ್ಲ.

ಅತ್ತೆ ಬರಲಿಲ್ಲ. ನಾನು ಫೋನಿನ ಮೇಲೆ ಫೋನು ಮಾಡಿದೆ. ಕೊನೆಗೆ, ನೀವು ಬರದಿದ್ದರೆ ಹಸಿ ಬಾಣಂತಿ ಬಸ್ಸು ಹತ್ತಿ ಎಮ್ಮಿಗನೂರಿಗೆ ಬರುತ್ತೇನೆ ಎಂದು ಹೆದರಿಸಿದ ಮೇಲೆ ಒಂದು ಮಧ್ಯಾಹ್ನ ಡ್ಯಾಂ ಕ್ವಾರ್ಟರ್ಸಿಗೆ ಬಂದರು. ಬಾಗಿಲಲ್ಲೇ ನಿಂತರು, ಸೆರಗು ಹೊದ್ದರು, ಕಣ್ಣು ಕೆಳಗೆ ಹಾಕಿದರು. ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಅತ್ತೆ ಪಾದಗಳನ್ನು ನೋಡಿದರು. ಕುಂದು ಹೇಳಲು ಬಾಯಿ ತೆರೆದವರು ಅಲ್ಲೇ ನಿಂತುಬಿಟ್ಟರು. ಎರಡು ಹೆಜ್ಜೆ ಒಳಗೆ ಬಂದು ಬಗ್ಗಿ, “ಹಿಮ್ಮಡಿಗೆ ಏನಾಗೈತಿ? ಯಾರು ಚುಚ್ಚ್ಯಾರ ಇದಕ್ಕ?” ಎಂದು ಕೇಳಿದರು. ಸೂಜಿಯ ಕಲೆಗಳು ಮಾಸುತ್ತ ಬಂದಿದ್ದವು. ಬಂದವರೆಲ್ಲ ಮುಖ ನೋಡಿ ಹೋಗಿದ್ದರಿಂದ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಏನಿಲ್ಲ ಅಕ್ಕಾರ ಎಂದು ಅವ್ವ ಹೇಳಿ ಮುಗಿಸಬಹುದಿತ್ತು. ಮುಗಿಸುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳು ಎಣ್ಣೆ ಬಟ್ಟಲನ್ನು ಬದಿಗೆ ಸರಿಸಿದಳು.

“ಸಕ್ರಿ ನೋಡಾಕ ಚುಚ್ಚ್ಯಾರ್ರಿ. ತಾಯಿಗೆ ಶುಗರ್ ಇದ್ರ ಹುಟ್ಟಿದ ಕೂಸಿಗೆ ಸಕ್ರಿ ಇಳಿದು ನಡುಕ ಬರ್ತತಂತ.” ಕೂಸಿನ ಹಿಮ್ಮಡಿಯ ಎಣ್ಣೆ ಒರೆಸಿದಳು. ಆಮೇಲೆ, “ಆವತ್ತು ಈಕಿಗೆ ಬಂದಿದ್ದೂ ಅದ ಅಂತ ಡಾಕ್ಟರು ಹೇಳ್ಯಾರ್ರಿ ಅಕ್ಕಾರ. ನಿಮ್ಮ ಕಣ್ಣಿಂದ ಅಲ್ಲ. ನನ್ನ ಮೈಯಾಗಿನ ಸಕ್ರಿಯಿಂದ. ನನಗ ಗೊತ್ತಾಗಿ ಆಗಲೇ ಭಾಳ ದಿನ ಆತು. ಹೇಳಾಕ ಬಾಯಿ ಬರಲಿಲ್ಲ” ಎಂದಳು.

ಅತ್ತೆ ನಿಂತಲ್ಲೇ ನೆಲಕ್ಕೆ ಕೂತರು. ಬೈಯುತ್ತಾರೆ, ಅಳುತ್ತಾರೆ, ಇಷ್ಟು ವರ್ಷದ್ದೆಲ್ಲ ತೆಗೆಯುತ್ತಾರೆ ಎಂದು ನಾನು ಕಾದೆ. ತೆಗೆದಿದ್ದರೆ ನಾನು ಅವರ ಪರವೇ ನಿಲ್ಲುತ್ತಿದ್ದೆ. ಅವರು ಅವ್ವನ ಎಣ್ಣೆಗೈಯನ್ನು ಹಿಡಿದುಕೊಂಡು, ನಿನಗೇನು ಗೊತ್ತಿತ್ತು ಬಿಡು, ಯಾರು ಹೇಳಿದ್ದರು ನಿನಗೆ ಎಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ನಮ್ಮ ಮುಂದೆ ಅತ್ತಿದ್ದು ಅದೇ ಮೊದಲು. ನನಗೂ ಕಣ್ಣು ತುಂಬಿ ಬಂತು.

ಅಷ್ಟಾದರೂ ಅತ್ತೆಯ ಕಣ್ಣು ಕೂಸಿನ ಪಾದದ ಮೇಲೇ ಇತ್ತು. ಅವರು ನನ್ನನ್ನು ಕೇಳಲಿಲ್ಲ, ಅವ್ವನನ್ನೇ ಕೇಳಿದರು.

“ಹಂಗಾದ್ರ ಮಾರಿ ನೋಡ್ಲ್ಯಾ?”

ಅವ್ವ ಕೂಸನ್ನು ಎತ್ತಿ ಅವರ ತೊಡೆಯ ಮೇಲೆ ಹಾಕಿ, ತಲೆಯ ಕೆಳಗೆ ಕೈಕೊಟ್ಟು ಮುಖವನ್ನು ಅವರ ಕಡೆ ತಿರುಗಿಸಿದಳು. ಅತ್ತೆ ನೋಡಿದರು. ಹಣೆ ನೋಡಿದರು, ಹುಬ್ಬು ನೋಡಿದರು, ಮೂಗು ಅವರಪ್ಪಂದು, ಗದ್ದ ನಮ್ಮ ಕಡೇದು, ಕಿವಿ ಮಾತ್ರ ಯಾರದೋ ಎಂದರು. ಭಾಳ ಚೆಂದ ಐತಿ ಎಂದು ಗಟ್ಟಿಯಾಗಿ ಅಂದರು, ಇನ್ನೊಮ್ಮೆ ಅಂದರು. ಆಮೇಲೆ ತಲೆಯೆತ್ತಿ ನನ್ನ ಮುಖವನ್ನು ನೇರವಾಗಿ ನೋಡಿ, ನೀನೂ ಚೆಂದ ಇದ್ದಿ ಎಂದರು.